ತಕ್ಕಡಿ ನಿಮ್ಮದಾಗಲಿ: ಊರಿನ ದುಡ್ಡು ಊರಲ್ಲೇ ನಿಲ್ಲುವಂಥ ಸಂಘ ಕಟ್ಟುವ ಬಗೆ

ಹುಣಸೆ ಕಾಲದಲ್ಲಿ ತುಮಕೂರು, ಕೋಲಾರದ ಕಡೆ ಯಾವ ಹಳ್ಳಿಗೆ ಹೋದರೂ ಜಗಲಿ ಮೇಲೆ ಟಕ ಟಕ ಸದ್ದು ಕೇಳುತ್ತದೆ. ಹೆಂಗಸರು ಕೂತು ಹಣ್ಣು ಕುಟ್ಟಿ ಬೀಜ ತೆಗೆಯುತ್ತಿರುತ್ತಾರೆ. ಮರ ಊರಿನದು, ಬಡಿದವರು ಊರಿನವರು, ನಾರು ಬಿಡಿಸಿ ಕೈ ಅಂಟು ಮಾಡಿಕೊಂಡವರೂ ಊರಿನವರೇ. ಸಂಜೆ ವ್ಯಾಪಾರಿಯ ವ್ಯಾನ್ ಒಂದು ಬರುತ್ತದೆ. ಅದರಿಂದ ತಕ್ಕಡಿ ಇಳಿಯುತ್ತದೆ. ರೇಟು ಹೇಳುವವನೂ ಅವನೇ, ತೂಕ ಹೇಳುವವನೂ ಅವನೇ, ಚೀಲದ ತೂಕ, ತೇವ, ಕಸ ಅಂತ ಕಳೆಯುವವನೂ ಅವನೇ. ಆರು ತಿಂಗಳು ಕಳೆದ ಮೇಲೆ ಅದೇ ಹಣ್ಣು ಪ್ಯಾಕೆಟ್ ಆಗಿ ಊರಿನ ಅಂಗಡಿಗೆ ಬರುತ್ತದೆ. ಸಾರಿಗೆ ಬೇಕಲ್ಲ, ನಾವೇ ಕೊಳ್ಳುತ್ತೇವೆ.

ವ್ಯಾನಿನವನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಮಗುವಿಗೆ ಜ್ವರ ಬಂದಾಗ ರಾತ್ರಿ ಎರಡು ಸಾವಿರ ಕೊಡುವವನು ಎಷ್ಟೋ ಊರಲ್ಲಿ ಅವನೇ. ಆದರೆ ನಮ್ಮ ಮಾಲು ತೂಗುವ ತಕ್ಕಡಿಯೂ ಲೆಕ್ಕದ ಪುಸ್ತಕವೂ ನಮ್ಮ ಕೈಲಿ ಇರಬೇಕು ಅನ್ನುವುದಾದರೆ ಏನೇನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ಎಡವುತ್ತೇವೆ, ಇಷ್ಟನ್ನು ಹೇಳುತ್ತೇನೆ. ಉದಾಹರಣೆಗೆ ಹುಣಸೆ ಇಟ್ಟುಕೊಂಡಿದ್ದೇನೆ. ನಿಮ್ಮ ಊರಲ್ಲಿ ಅದು ರಾಗಿ ಆಗಿರಬಹುದು, ಜೇನು, ಕೈಮಗ್ಗದ ಸೀರೆ, ಏನೂ ಆಗಿರಬಹುದು.

ಮೊದಲು ಒಂದು ತಿಂಗಳು ಸುಮ್ನೆ ಬರೆದಿಡಿ

ಸಂಘ, ಬೋರ್ಡು, ಉದ್ಘಾಟನೆ ಎಲ್ಲ ಆಮೇಲೆ. ಮೊದಲು ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಹತ್ತು ಮನೆಯವರನ್ನು ಒಪ್ಪಿಸಿ. ಆ ತಿಂಗಳು ಊರಿನಿಂದ ಏನು ಹೊರಗೆ ಹೋಯಿತು, ಎಷ್ಟಕ್ಕೆ ಹೋಯಿತು, ಏನು ಒಳಗೆ ಬಂತು, ಎಷ್ಟಕ್ಕೆ ಬಂತು, ಇದನ್ನು ಬರೆಯಿರಿ. ಹಾಲು, ತರಕಾರಿ, ಕಾಳು, ಕುರಿ, ಕೂಲಿ ಒಂದು ಕಡೆ. ಎಣ್ಣೆ, ಸೋಪು, ಗೊಬ್ಬರ, ಹಿಂಡಿ, ಬೂಸಾ, ಮೊಬೈಲ್ ರೀಚಾರ್ಜ್, ಸಾಲದ ಕಂತು ಇನ್ನೊಂದು ಕಡೆ.

ಸಾಲದ ಕಂತನ್ನು ಬಿಡಬೇಡಿ. ವಾರ ವಾರ ಕಟ್ಟುವ ಮೈಕ್ರೋಫೈನಾನ್ಸ್ ಕಂತು ಎಷ್ಟು ಮನೆಯಿಂದ ಎಷ್ಟು ಹೋಗುತ್ತದೆ ಅಂತ ಒಂದೇ ಹಾಳೆಯಲ್ಲಿ ಕೂಡಿಸಿ ನೋಡಿದರೆ ಊರಿನವರೇ ಬೆಚ್ಚಿ ಬೀಳುತ್ತಾರೆ. ವಸೂಲಿ ಕಿರುಕುಳ ಎಷ್ಟಾಯಿತೆಂದರೆ 2025ರಲ್ಲಿ ರಾಜ್ಯ ಸರ್ಕಾರ ಅದಕ್ಕಾಗಿಯೇ ಸುಗ್ರೀವಾಜ್ಞೆ ತರಬೇಕಾಯಿತು. ಆದರೆ ಕಾನೂನು ಕಿರುಕುಳ ತಡೆಯಬಹುದು, ಬಡ್ಡಿ ಊರು ಬಿಟ್ಟು ಹೋಗುವುದನ್ನು ತಡೆಯುವುದಿಲ್ಲ.

ತಿಂಗಳ ಕೊನೆಗೆ ನೋಟ್‌ಬುಕ್ಕಿನಲ್ಲಿ ಎರಡು ಮೂರು ದೊಡ್ಡ ತೂತು ಕಾಣುತ್ತವೆ. ಒಂದನ್ನು ಆರಿಸಿ. ಒಂದೇ ಒಂದು. ಹಾಲೂ ಮಾಡೋಣ, ಹಪ್ಪಳವೂ ಮಾಡೋಣ, ಬಾಡಿಗೆಗೆ ಟ್ರ್ಯಾಕ್ಟರೂ ಇಡೋಣ ಅಂದವರು ಮೂರನೇ ತಿಂಗಳಿಗೆ ಸುಸ್ತಾಗಿ ಕೂತಿದ್ದನ್ನು ನೋಡಿದ್ದೇನೆ.

ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಊರಿನ ಬಡ ಮನೆಗಳಲ್ಲೂ ಇದೆಯಾ? ಎರಡು ಮೂರು ತಿಂಗಳು ಇಟ್ಟರೆ ಕೆಡುವುದಿಲ್ಲ ತಾನೇ? ಕೊಳ್ಳುವವರು ಒಬ್ಬರಿಗಿಂತ ಜಾಸ್ತಿ ಇದ್ದಾರಾ? ಹುಣಸೆ ಈ ಮೂರಕ್ಕೂ ಹೂಂ ಅನ್ನುತ್ತದೆ. ಟೊಮೆಟೊ ಎರಡನೆಯದಕ್ಕೇ ಸೋಲುತ್ತದೆ. ಕೆಡುವ ಮಾಲಿನಿಂದ ಶುರು ಮಾಡಿದರೆ ಚೌಕಾಸಿಗೆ ಟೈಮೇ ಸಿಗುವುದಿಲ್ಲ. ಹಾಲಿನ ಮಾತು ಬೇರೆ. ಅಲ್ಲಿ ಡೇರಿ, ಒಕ್ಕೂಟ, ಮಹಾಮಂಡಳ ಅಂತ ಮೂರು ಹಂತದ ಕೊಂಡಿ ಆಗಲೇ ಇದೆ. ಡೇರಿ ಇಲ್ಲದ ಊರಾದರೆ ಹೊಸದು ಕಂಡುಹಿಡಿಯಲು ಹೋಗಬೇಡಿ, ಒಕ್ಕೂಟದವರನ್ನು ಹೋಗಿ ಕೇಳಿ.

ಹಳಬರು ಏನು ಮಾಡಿದ್ದರು ಅಂತ ಸ್ವಲ್ಪ ತಿಳಿದುಕೊಳ್ಳಿ

ಇದೇನು ಹೊಸ ಯೋಚನೆಯಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಶುರು ಮಾಡಿದರು. ಸಹಕಾರ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ, ಅಂದರೆ ಮರುವರ್ಷವೇ. ದೇಶದ ಮೊದಮೊದಲ ಪತ್ತಿನ ಸಂಘಗಳಲ್ಲಿ ಅದೂ ಒಂದು. ಸಾಹುಕಾರನ ಬಡ್ಡಿ ಊರಿನಿಂದ ಹೊರಗೆ ಹೋಗುವುದು ಬೇಡ ಅನ್ನುವುದೇ ಅದರ ಹಿಂದಿದ್ದ ಯೋಚನೆ.

ಇನ್ನೂ ಹಿಂದೆ ಹೋದರೆ ಇಂಗ್ಲೆಂಡಿನ ರಾಚ್‌ಡೇಲ್. 1844ರಲ್ಲಿ ಅಲ್ಲಿನ 28 ಜನ, ನೇಕಾರರು ಮತ್ತು ಇತರ ಕೆಲಸಗಾರರು, ಒಂದು ಸಣ್ಣ ಅಂಗಡಿ ತೆರೆದರು. ಮಾರಿದ್ದು ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್. ಕಲಬೆರಕೆ ಇಲ್ಲ, ತೂಕ ಸರಿ, ಅಷ್ಟೇ ಅವರ ಜಾಹೀರಾತು. ಖರ್ಚು ಕಳೆದು ಉಳಿದದ್ದನ್ನು ಯಾರು ಎಷ್ಟು ವ್ಯಾಪಾರ ಮಾಡಿದ್ದರೋ ಅದಕ್ಕೆ ತಕ್ಕಂತೆ ಹಂಚಿಕೊಂಡರು. ಇವತ್ತು ನಮ್ಮ ಹಾಲಿನ ಡೇರಿ ಕೊಡುವ ಬೋನಸ್ ಇದೆಯಲ್ಲ, ಅದರ ಬೇರು ಅಲ್ಲಿದೆ.

ನಮ್ಮಲ್ಲೇ ದೊಡ್ಡ ಉದಾಹರಣೆ ಬೇಕಾದರೆ ಅಡಿಕೆ ಬೆಳೆಗಾರರ ಸಹಕಾರ ಸಂಘ ಕ್ಯಾಂಪ್ಕೊ ನೋಡಿ. ಅಡಿಕೆ ಬೆಲೆ ನೆಲ ಕಚ್ಚಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ ಕೇರಳ ಎರಡೂ ಕಡೆಯ ಬೆಳೆಗಾರರು ಸೇರಿ ಮಂಗಳೂರಿನಲ್ಲಿ ಕಟ್ಟಿದ್ದು. ಮುಂದೆ ಕೋಕೋ ಬೆಳೆದವರಿಗೆ ಕೊಳ್ಳುವವರಿಲ್ಲದ ಕಷ್ಟ ಬಂದಾಗ ಅದನ್ನೂ ಕೊಳ್ಳಲು ಶುರು ಮಾಡಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಫ್ಯಾಕ್ಟರಿಯನ್ನೇ ತೆರೆದರು. ಕ್ರಮ ಗಮನಿಸಿ. ಮೊದಲು ಕೊಳ್ಳುವುದು, ಮಾರುವುದು ಕಲಿತರು. ಫ್ಯಾಕ್ಟರಿ ಬಂದದ್ದು 13 ವರ್ಷ ಕಳೆದ ಮೇಲೆ. ನಾವು ಈಗ ಉಲ್ಟಾ ಮಾಡುತ್ತೇವೆ. ಸಬ್ಸಿಡಿ ಇದೆ ಅಂತ ಮೊದಲು ಮಿಷನ್ ತರುತ್ತೇವೆ, ಆಮೇಲೆ ಅದಕ್ಕೆ ಹಾಕಲು ಮಾಲು ಹುಡುಕುತ್ತೇವೆ.

ಮೊದಲ ವರ್ಷ ಕೊಳ್ಳಬೇಡಿ, ಕೂಡಿಸಿ ಮಾರಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ.

ಲೆಕ್ಕಕ್ಕೆ ಅಂತ ಇಟ್ಟುಕೊಳ್ಳೋಣ. 30 ಮನೆ, ಮನೆಗೆ 2 ಕ್ವಿಂಟಲ್ ಬೀಜ ತೆಗೆದ ಹಣ್ಣು. ಒಟ್ಟು 60 ಕ್ವಿಂಟಲ್. ಕೆಜಿಗೆ 100 ರೂಪಾಯಿ ಅಂದರೂ ಇಷ್ಟನ್ನು ಸಂಘವೇ ಕೊಳ್ಳಲು 6 ಲಕ್ಷ ಬೇಕು. ಮನೆಗೆ 2 ಸಾವಿರದಂತೆ ಷೇರು ಕಟ್ಟಿಸಿಕೊಂಡರೆ ಕೈಲಿರುವುದು 60 ಸಾವಿರ. ಉಳಿದ 5 ಲಕ್ಷದ 40 ಸಾವಿರ ಎಲ್ಲಿಂದ ತರುತ್ತೀರಿ? ಸಾಲ ತರುತ್ತೀರಿ. ಬೆಲೆ ಬಿದ್ದರೆ ಸಂಘ ಮೊದಲ ವರ್ಷವೇ ಮುಳುಗುತ್ತದೆ. ಎಷ್ಟೋ ಸಂಘ ಸತ್ತಿರುವುದು ಹೀಗೆ. ಮೋಸದಿಂದ ಸತ್ತದ್ದಕ್ಕಿಂತ ಆತುರದಿಂದ ಸತ್ತದ್ದೇ ಜಾಸ್ತಿ ಅಂತ ನನಗನ್ನಿಸುತ್ತದೆ.

ಅದರ ಬದಲು ಹೀಗೆ ಮಾಡಿ. ಎಲ್ಲರ ಹಣ್ಣನ್ನೂ ಒಂದು ಕಡೆ ತನ್ನಿ. ನಿಮ್ಮ ತಕ್ಕಡಿಯಲ್ಲಿ, ಮಾಲಿನವರ ಕಣ್ಣೆದುರೇ ತೂಗಿ. ಬಣ್ಣ, ತೇವ, ನಾರು ನೋಡಿ ಎರಡು ಅಥವಾ ಮೂರು ದರ್ಜೆ ಮಾಡಿ. ಚೀಲದ ಮೇಲೆ ಹೆಸರಿನ ಬದಲು ನಂಬರ್ ಬರೆಯಿರಿ, ಆಗ ದರ್ಜೆ ಹಾಕುವವರಿಗೆ ಇದು ಯಾರ ಚೀಲ ಅಂತ ಗೊತ್ತಾಗುವುದಿಲ್ಲ, ಜಗಳವೂ ಕಡಿಮೆಯಾಗುತ್ತದೆ. ಆಮೇಲೆ ನಾಲ್ಕೈದು ವ್ಯಾಪಾರಿಗಳಿಗೆ ಸ್ಯಾಂಪಲ್ ಕಳಿಸಿ, ಮುಚ್ಚಿದ ಲಕೋಟೆಯಲ್ಲಿ ಬೆಲೆ ಬರೆದುಕೊಡಿ ಅನ್ನಿ. ಶಿರಸಿಯಲ್ಲಿ 1923ರಿಂದ ನಡೆಯುತ್ತಿರುವ ತೋಟಗಾರ್ಸ್ ಸಂಘದಂಥ ಕಡೆ ಅಡಿಕೆ ಟೆಂಡರಿನಲ್ಲೇ ಮಾರಾಟವಾಗುತ್ತದೆ. ರೈತನ ರಾಶಿ ಮುಂದೆ ಇರುತ್ತದೆ, ವ್ಯಾಪಾರಿಗಳು ನೋಡಿ ರೇಟು ಬರೆಯುತ್ತಾರೆ, ಹೆಚ್ಚು ಬರೆದವರಿಗೆ ಮಾಲು. ಒಮ್ಮೆ ಹೋಗಿ ಆ ಅಂಗಳದಲ್ಲಿ ಅರ್ಧ ದಿನ ನಿಂತು ಬನ್ನಿ. ಹತ್ತು ತರಬೇತಿಗಿಂತ ಜಾಸ್ತಿ ಕಲಿಯುತ್ತೀರಿ.

ವ್ಯಾಪಾರಿ ದುಡ್ಡು ಕೊಟ್ಟ ಮೇಲೆ ಅವರವರ ತೂಕ, ದರ್ಜೆಗೆ ತಕ್ಕಂತೆ ಅವರವರ ಬ್ಯಾಂಕ್ ಖಾತೆಗೆ ಹಾಕಿ. ಸಂಘ ಕೆಜಿಗೆ 2 ರೂಪಾಯಿ ಹಿಡಿದುಕೊಳ್ಳಲಿ. 6,000 ಕೆಜಿಗೆ 12 ಸಾವಿರ. ಚೀಲ, ಹಮಾಲಿ, ಫೋನು, ಲೆಕ್ಕ ಬರೆಯುವವರ ಗೌರವಧನಕ್ಕೆ ಸಾಕಾಗಬಹುದು, ಸಾಲದೆಯೂ ಇರಬಹುದು. ಇದರಲ್ಲಿ ಲಾಭ ಕಾಣುವುದಿಲ್ಲ. ಆದರೆ ಸಂಘ ಸಾಲಗಾರ ಆಗಿರುವುದಿಲ್ಲ, ಮತ್ತು 30 ಮನೆಗೂ ತಮ್ಮ ಮಾಲಿನ ನಿಜವಾದ ತೂಕ ಎಷ್ಟು ಅಂತ ಗೊತ್ತಾಗಿರುತ್ತದೆ. ಕೆಲವರಿಗೆ ಇದೇ ಮೊದಲ ಸಲ.

ಒಂದು ಕಷ್ಟ ಇದೆ, ಮುಚ್ಚಿಡುವುದಿಲ್ಲ. ಬಡವರು ಕಾಯಲಾರರು. ವ್ಯಾನಿನವನು ಅವತ್ತೇ ನೋಟು ಎಣಿಸುತ್ತಾನೆ, ಸಂಘ ಹದಿನೈದು ದಿನ ತಡಿಯಿರಿ ಅನ್ನುತ್ತದೆ. ಅದಕ್ಕೇ ಷೇರಿನ ಆ 60 ಸಾವಿರವನ್ನು ಕಂಪ್ಯೂಟರು, ಬೋರ್ಡು ಅಂತ ಖರ್ಚು ಮಾಡಬೇಡಿ. ಯಾರಿಗೆ ಅರ್ಜೆಂಟ್ ಇದೆಯೋ ಅವರ ಮಾಲಿನ ಮೇಲೆ ಮುಂಗಡ ಕೊಡಲು ಇಟ್ಟುಕೊಳ್ಳಿ. ಎಷ್ಟು ಮುಂಗಡ, ಯಾರಿಗೆ ಮೊದಲು ಅನ್ನುವುದನ್ನು ಹಣ್ಣು ಬರುವ ಮೊದಲೇ ಎಲ್ಲರೂ ಕೂತು ತೀರ್ಮಾನಿಸಿ.

ತಕ್ಕಡಿ, ಚೀಟಿ, ಪುಸ್ತಕ

ಎಲೆಕ್ಟ್ರಾನಿಕ್ ತಕ್ಕಡಿ ತಗೊಳ್ಳಿ. ಕಾನೂನು ಮಾಪನ ಇಲಾಖೆಯಿಂದ ಸೀಲ್ ಹಾಕಿಸಿ, ವರ್ಷಕ್ಕೊಮ್ಮೆ ಮರುಸೀಲ್ ಮಾಡಿಸಿ. ಪಕ್ಕದಲ್ಲಿ 20 ಕೆಜಿಯ ಒಂದು ತೂಕದ ಕಲ್ಲು ಇಟ್ಟಿರಿ. ಯಾರಿಗೆ ಅನುಮಾನ ಬಂದರೂ ಅವರೇ ಕಲ್ಲು ಎತ್ತಿ ಇಟ್ಟು ನೋಡಿಕೊಳ್ಳಲಿ.

ಮಾಲು ಕೊಟ್ಟವರಿಗೆಲ್ಲ ನಂಬರ್ ಇರುವ ಚೀಟಿ ಕೊಡಿ. ಕಾರ್ಬನ್ ಹಾಕಿದ ಎರಡು ಪ್ರತಿ, ಒಂದು ಅವರಿಗೆ, ಒಂದು ಸಂಘಕ್ಕೆ. ಮಂಡಿಗಳಲ್ಲಿ ಹೆಸರೂ ಇಲ್ಲದ, ಮೊಹರೂ ಇಲ್ಲದ ಬಿಳಿ ಚೀಟಿ ಕೈಗೆ ತುರುಕಿ ಕಳಿಸುವುದನ್ನು ನಾವೆಲ್ಲ ಕಂಡಿದ್ದೇವೆ. ನಿಮ್ಮ ಸಂಘದಲ್ಲಿ ಅದು ಒಂದು ದಿನವೂ ನಡೆಯಬಾರದು. ಅಧ್ಯಕ್ಷರ ಹೆಂಡತಿ ಮಾಲು ತಂದರೂ ಚೀಟಿ ಬರೆಯಬೇಕು.

ಪುಸ್ತಕಗಳು ಶುರುವಿಗೆ ನಾಲ್ಕು ಸಾಕು. ಸದಸ್ಯರ ಪಟ್ಟಿ ಮತ್ತು ಷೇರು, ಮಾಲಿನ ದಾಸ್ತಾನು, ನಗದು ಪುಸ್ತಕ, ಸಭೆಯ ನಡಾವಳಿ. ಲೆಕ್ಕ ಬರೆಯುವವರು ಮತ್ತು ದುಡ್ಡು ಮುಟ್ಟುವವರು ಒಬ್ಬರೇ ಆಗಬಾರದು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ, ಆ ಇಬ್ಬರು ಒಂದೇ ಮನೆಯವರಾಗದಿರಲಿ.

ನನಗೆ ಗೊತ್ತಿರುವ ಒಂದು ಸಂಘದಲ್ಲಿ ಕಾರ್ಯದರ್ಶಿ ಒಳ್ಳೆಯ ಮನುಷ್ಯ. ಪಿಯುಸಿ ಓದಿದ್ದ, ಎಲ್ಲ ಲೆಕ್ಕವೂ ಅವನ ತಲೆಯಲ್ಲೇ ಇತ್ತು. ಎಲ್ಲರೂ ಅವನನ್ನು ನಂಬಿದ್ದರು, ಅವನೂ ಕದಿಯಲಿಲ್ಲ. ಒಂದು ದಿನ ಬೈಕ್ ಅಪಘಾತವಾಗಿ ಮೂರು ತಿಂಗಳು ಹಾಸಿಗೆ ಹಿಡಿದ. ಯಾರಿಗೆ ಎಷ್ಟು ಬಾಕಿ ಅಂತ ಹೇಳುವವರೇ ಇರಲಿಲ್ಲ. ಬಾಯಿಗೊಂದು ಮಾತು ಶುರುವಾಗಿ ಸಂಘ ಎರಡು ಪಾರ್ಟಿ ಆಯಿತು, ಆಮೇಲೆ ಬಾಗಿಲು ಹಾಕಿತು. ಹಾಗಾಗಿ ಪ್ರತಿ ತಿಂಗಳು ಲೆಕ್ಕವನ್ನು ಒಂದು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಓದಲು ಬಾರದವರಿಗೆ ಓದಿ ಹೇಳಿ. ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದರೆ ಸಾಲದು, ಎಷ್ಟೋ ಮನೆಯಲ್ಲಿ ಫೋನು ಗಂಡನ ಜೇಬಿನಲ್ಲಿರುತ್ತದೆ, ಹುಣಸೆ ಕುಟ್ಟಿದವಳು ಹೆಂಡತಿ.

ನೋಂದಣಿ: ಯಾವ ಕಾಯ್ದೆಯಡಿ?

ಮೊದಲ ಸೀಸನ್ ಮಹಿಳಾ ಸಂಘದ ಹೆಸರಿನಲ್ಲೋ, ಸ್ವಸಹಾಯ ಗುಂಪುಗಳ ಸಂಜೀವಿನಿ ಒಕ್ಕೂಟದ ಹೆಸರಿನಲ್ಲೋ ನಡೆಸಬಹುದು. ವ್ಯವಹಾರ ನಿಂತುಕೊಳ್ಳುತ್ತದೆ ಅಂತ ಗೊತ್ತಾದ ಮೇಲೆ ನೋಂದಣಿ ಮಾಡಿಸಿ. ದಾರಿ ಮುಖ್ಯವಾಗಿ ಮೂರು.

ಮೊದಲನೆಯದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ. ಡೇರಿ, ಸೊಸೈಟಿ ಎಲ್ಲ ಇದರಡಿ ಬರುತ್ತವೆ. ಉಪವಿಭಾಗದ ಸಹಾಯಕ ನಿಬಂಧಕರ ಕಚೇರಿಗೆ, ಜನ ಎ.ಆರ್. ಆಫೀಸು ಅನ್ನುತ್ತಾರಲ್ಲ, ಅಲ್ಲಿಗೆ ಹೋಗಬೇಕು. ನಿಮ್ಮಲ್ಲಿ ಒಬ್ಬರು ಮುಖ್ಯ ಪ್ರವರ್ತಕರಾಗಿ, ಅನುಮತಿ ಪಡೆದು, ಷೇರು ಹಣ ಕೂಡಿಸಿ ಡಿಸಿಸಿ ಬ್ಯಾಂಕಿನಲ್ಲಿ, ಅಂದರೆ ಜಿಲ್ಲಾ ಸಹಕಾರಿ ಬ್ಯಾಂಕಿನಲ್ಲಿ, ಇಡುತ್ತಾರೆ. ಸರ್ಕಾರದ ನೆರವು, ಸಾಲ ಸಿಗುವುದು ಸುಲಭ. ಜೊತೆಗೆ ಇಲಾಖೆಯ ಕೈಯೂ ಉದ್ದ.

ಎರಡನೆಯದು 1997ರ ಸೌಹಾರ್ದ ಸಹಕಾರಿ ಕಾಯ್ದೆ. ಇಲ್ಲಿ ಸರ್ಕಾರದ ಷೇರು ಇರುವುದಿಲ್ಲ, ಇಲಾಖೆಯ ಹಿಡಿತವೂ ಕಡಿಮೆ. ನಿಮ್ಮ ಕಾಲ ಮೇಲೆ ನೀವೇ ನಿಲ್ಲಬೇಕು.

ಮೂರನೆಯದು ರೈತ ಉತ್ಪಾದಕರ ಕಂಪನಿ. ಕಂಪನಿ ಕಾಯ್ದೆಯಡಿ ಬರುತ್ತದೆ, 10 ಜನ ಉತ್ಪಾದಕರಿದ್ದರೆ ನೋಂದಣಿ ಮಾಡಬಹುದು. ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ 10,000 ಎಫ್‌ಪಿಒ (ರೈತ ಉತ್ಪಾದಕ ಸಂಸ್ಥೆ) ಯೋಜನೆಯಲ್ಲಿ ಒಂದೊಂದಕ್ಕೆ ಮೂರು ವರ್ಷದಲ್ಲಿ 18 ಲಕ್ಷದವರೆಗೆ ನೆರವು ಇಟ್ಟಿದ್ದರು. ಬಯಲು ಸೀಮೆಯಲ್ಲಾದರೆ ಕನಿಷ್ಠ 300 ಸದಸ್ಯರಿರಬೇಕು ಅಂತ ಷರತ್ತೂ ಇತ್ತು. ಆ ದುಡ್ಡು ನೋಡಿಕೊಂಡು ನೋಂದಣಿ ಮಾಡಿಸಿ, ಮೂರು ವರ್ಷ ಆದ ಮೇಲೆ ಸಿಇಒ ಸಂಬಳಕ್ಕೂ ಗತಿಯಿಲ್ಲದೆ ಕೂತ ಕಂಪನಿಗಳಿವೆ. ಇನ್ನೊಂದು ಮಾತು. ಕಂಪನಿ ಅಂದ ಮೇಲೆ ವರ್ಷ ವರ್ಷ ಲೆಕ್ಕಪತ್ರ, ವಾರ್ಷಿಕ ರಿಟರ್ನ್ ಸಲ್ಲಿಸಲೇಬೇಕು. ತಡ ಮಾಡಿದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಏರುತ್ತಾ ಹೋಗುತ್ತದೆ. ಎರಡು ಫಾರಂ ಒಂದು ವರ್ಷ ಮರೆತರೆ 73 ಸಾವಿರ. ನಿಮ್ಮ ಷೇರು ಹಣಕ್ಕಿಂತ ಜಾಸ್ತಿ ಆಯ್ತಲ್ವಾ?

ಮೂರರಲ್ಲೂ ಒಂದು ವಿಷಯ ಒಂದೇ. ಒಬ್ಬರಿಗೆ ಒಂದು ಮತ. ಹತ್ತು ಷೇರು ಇದ್ದವರಿಗೂ ಒಂದೇ, ಒಂದು ಷೇರು ಇದ್ದವರಿಗೂ ಒಂದೇ. 30, 40 ಮನೆಯ ಹುಣಸೆ ವ್ಯವಹಾರಕ್ಕೆ ನನ್ನನ್ನು ಕೇಳಿದರೆ ಮೊದಲ ಎರಡರಲ್ಲಿ ಒಂದು ಸಾಕು. ತೆರಿಗೆ ವಿಷಯವನ್ನು ಆಡಿಟರ್ ಹತ್ತಿರ ಕೂತು ಕೇಳಿ. ಸಹಕಾರ ಸಂಘಗಳಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿಗಳಿವೆ, ಆದರೆ ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಮಾತ್ರ.

ಬೈಲಾವನ್ನು ನೀವೇ ಓದಿ

ಇಲಾಖೆಯಲ್ಲಿ ಮಾದರಿ ಉಪವಿಧಿ, ಅಂದರೆ ಬೈಲಾ, ಸಿಗುತ್ತದೆ. ಎಲ್ಲರೂ ಅದಕ್ಕೆ ಹೆಸರು ಬದಲಿಸಿ ಸಹಿ ಹಾಕಿಬಿಡುತ್ತಾರೆ. ಜಗಳ ಬಂದ ದಿನ ತೆಗೆದು ಓದುತ್ತಾರೆ. ಮೊದಲೇ ಎರಡು ಸಂಜೆ ಕೂತು ಜೋರಾಗಿ ಓದಿ, ಕಾನೂನು ಬಿಡುವಷ್ಟರ ಮಟ್ಟಿಗೆ ಈ ಕೆಲವನ್ನು ಸೇರಿಸಿ.

ಯಾರು ಸದಸ್ಯರಾಗಬಹುದು? ಮರ ಇದ್ದವರು ಮಾತ್ರ ಅಂತ ಬರೆದರೆ ಕುಟ್ಟುವ ಕೂಲಿ ಹೆಂಗಸರು ಹೊರಗೆ ಉಳಿಯುತ್ತಾರೆ. ಹುಣಸೆಯಲ್ಲಿ ಅರ್ಧ ಕೆಲಸ ಅವರದು. ನನ್ನ ಮಟ್ಟಿಗೆ ಅವರಿಲ್ಲದ ಸಂಘ ಇನ್ನೊಂದು ವ್ಯಾನ್ ಅಷ್ಟೇ. ಷೇರಿನ ಬೆಲೆ ಕಡಿಮೆ ಇಡಿ, ಕಂತಿನಲ್ಲಿ ಕಟ್ಟಲು ಬಿಡಿ.

ಪಕ್ಕದ ವ್ಯಾಪಾರಿ ಎರಡು ರೂಪಾಯಿ ಹೆಚ್ಚು ಕೊಟ್ಟರೆ ಸದಸ್ಯರು ಅಲ್ಲಿಗೆ ಹೋಗಬಹುದಾ? ಹೋಗುತ್ತಾರೆ. ಸಂಘ ಒಡೆಯಲಿ ಅಂತಲೇ ಮೊದಲ ವರ್ಷ ರೇಟು ಏರಿಸುವವರಿದ್ದಾರೆ. ಮನೆಯ ಮಾಲಿನಲ್ಲಿ ಅರ್ಧವಾದರೂ ಸಂಘಕ್ಕೆ ಕೊಡಬೇಕು ಅಂತ ಬರೆದುಕೊಳ್ಳಿ. ಎಲ್ಲವನ್ನೂ ಕೊಡಬೇಕು ಅಂದರೆ ಯಾರೂ ಪಾಲಿಸುವುದಿಲ್ಲ. ಸಂಘ ಬಂದದ್ದರಿಂದ ವ್ಯಾನಿನವನೇ ರೇಟು ಏರಿಸಿದ ಅಂದರೆ ಅದೂ ನಿಮ್ಮ ಸಂಪಾದನೆಯೇ, ಲೆಕ್ಕದ ಪುಸ್ತಕದಲ್ಲಿ ಕಾಣದಿದ್ದರೂ.

ಆಡಳಿತ ಮಂಡಳಿಯಲ್ಲಿ ಒಂದು ಮನೆಯಿಂದ ಒಬ್ಬರೇ ಇರಲಿ. ಮಹಿಳೆಯರಿಗೆ, ಪರಿಶಿಷ್ಟರಿಗೆ ಮೀಸಲು ಸ್ಥಾನ ಸಹಕಾರ ಕಾಯ್ದೆಯಲ್ಲೇ ಇದೆ. ಆದರೆ ಸಭೆ ರಾತ್ರಿ ಎಂಟಕ್ಕೆ, ಮೇಲಿನ ಕೇರಿಯ ಜಗಲಿಯಲ್ಲಿ ಕರೆದರೆ ಆ ಸ್ಥಾನ ಕಾಗದದಲ್ಲೇ ಉಳಿಯುತ್ತದೆ. ಎಲ್ಲರೂ ಒಳಗೆ ಬಂದು ಕೂರುವಂಥ ಜಾಗದಲ್ಲಿ, ಶಾಲೆಯಲ್ಲೋ ಅಂಗನವಾಡಿಯಲ್ಲೋ, ಹಗಲು ಹೊತ್ತು ಸಭೆ ಇಡಿ.

ಉಳಿದ ದುಡ್ಡು ಯಾರಿಗೆ?

ಎರಡನೇ ವರ್ಷವೋ ಮೂರನೇ ವರ್ಷವೋ ಖರ್ಚೆಲ್ಲ ಕಳೆದು 40 ಸಾವಿರ ಉಳಿಯಿತು ಅನ್ನಿ. ಸಹಕಾರ ಸಂಘವಾದರೆ ಕನಿಷ್ಠ ಕಾಲು ಭಾಗ, 10 ಸಾವಿರ, ಮೀಸಲು ನಿಧಿಗೆ ಹೋಗುತ್ತದೆ. ಕಾನೂನೇ ಇದೆ, ಒಳ್ಳೆಯ ಕಾನೂನು. ಕಾಯ್ದೆ ಹೇಳುವ ಇನ್ನಿತರ ಸಣ್ಣ ನಿಧಿಗಳಿಗೂ ಸ್ವಲ್ಪ ಹೋಗುತ್ತದೆ. ಸುಮಾರು 28 ಸಾವಿರ ಹಂಚಲು ಉಳಿಯಿತು ಅಂತ ಇಟ್ಟುಕೊಳ್ಳೋಣ.

ಇದನ್ನು ಷೇರಿನ ಮೇಲೆ ಹಂಚಬೇಕಾ, ಮಾಲಿನ ಮೇಲೆ ಹಂಚಬೇಕಾ? ಊರಿನ ಒಬ್ಬ ಯಜಮಾನರು ಐದು ಷೇರು ತಗೊಂಡಿದ್ದಾರೆ, ಒಂದು ಕೆಜಿ ಮಾಲೂ ಕೊಟ್ಟಿಲ್ಲ. ಒಬ್ಬ ಅಜ್ಜಿ ಒಂದೇ ಷೇರು ತಗೊಂಡು ನಾಲ್ಕು ಕ್ವಿಂಟಲ್ ತಂದಿದ್ದಾರೆ. ಎಲ್ಲವನ್ನೂ ಷೇರಿನ ಮೇಲೆ ಹಂಚಿದರೆ ಯಜಮಾನರಿಗೆ ಅಜ್ಜಿಯ ಐದು ಪಟ್ಟು ಸಿಗುತ್ತದೆ. ಮಾಲಿನ ಮೇಲೆ ಹಂಚಿದರೆ ಅಜ್ಜಿಗೆ ಸಿಗುತ್ತದೆ, ಯಜಮಾನರಿಗೆ ಇಲ್ಲ. ಷೇರಿಗೆ ಉಳಿತಾಯ ಖಾತೆ ಬಡ್ಡಿಗಿಂತ ಸ್ವಲ್ಪ ಹೆಚ್ಚು ಕೊಟ್ಟು ಉಳಿದದ್ದನ್ನೆಲ್ಲ ಮಾಲಿನ ಮೇಲೆ, ಕುಟ್ಟಿದವರಿಗೆ ಕುಟ್ಟಿದ ಕೆಜಿ ಮೇಲೆ, ಬೋನಸ್ ಕೊಡಿ. ರಾಚ್‌ಡೇಲಿನವರು ಮಾಡಿದ್ದೂ ಇದನ್ನೇ. ಊರಿನ ಸಂಘಕ್ಕೂ ಊರಿನ ಹಣ ಹೂಡಿಕೆ ಕಂಪನಿಗೂ ಇರುವ ವ್ಯತ್ಯಾಸ ಈ ಒಂದು ಸಾಲಿನಲ್ಲಿದೆ, ಇದನ್ನು ಬೈಲಾದಲ್ಲೇ ಬರೆದಿಡಿ. ದುಡ್ಡು ಕೈಗೆ ಬಂದ ಮೇಲೆ ಬರೆಯಲು ಹೋದರೆ ಆಗುವುದಿಲ್ಲ.

ಮರ ಉಳಿದರೆ ತಾನೇ

ಮಾಲಿಗೆ ಒಳ್ಳೆ ಬೆಲೆ ಬಂದರೆ ಮೊದಲು ಪೆಟ್ಟು ಬೀಳುವುದು ಮರಕ್ಕೆ. ಮಲೆನಾಡಿನಲ್ಲಿ ಉಪ್ಪಾಗೆ ಅನ್ನುವ ಹುಳಿ ಕಾಡುಹಣ್ಣಿನ ಬೆಲೆ ಏರಿದಾಗ ಹೀಗೇ ಆಯಿತು. ಕಾಯಿ ಕೊಯ್ಯಲು ಪೈಪೋಟಿ, ಕೊಂಬೆ ಮುರಿಯುವುದು, ಸಿಪ್ಪೆ ಒಣಗಿಸಲು ಕಾಡಿನ ಸೌದೆ. ಕಡಿಮೆ ಸೌದೆಯ ಒಣಗಿಸುವ ಒಲೆಗಳು ಬಂದದ್ದು ಆಮೇಲೆ.

ಹುಣಸೆಯಲ್ಲಿ ನೀವು ಮಾಡಬಹುದಾದದ್ದು ಇಷ್ಟು. ಕೊಂಬೆ ಕಡಿದು ತಂದ ಹಣ್ಣನ್ನು ಸಂಘ ತಗೊಳ್ಳುವುದಿಲ್ಲ ಅಂತ ನಿಯಮ ಮಾಡಿ. ಬಲಿಯುವ ಮೊದಲೇ ಬಡಿಯುವುದನ್ನು ತಡೆಯಲು ಕೊಯ್ಲು ಶುರುವಾಗುವ ದಿನವನ್ನು ಊರೇ ಗೊತ್ತು ಮಾಡಲಿ. ಬೀಜವನ್ನು ಬಿಸಾಡಬೇಡಿ. ಹುಣಸೆ ಬೀಜದ ಪುಡಿ ನೂಲಿಗೆ ಗಂಜಿ ಹಾಕಲು ಬೇಕಾಗುತ್ತದೆ, ಅದಕ್ಕೂ ಕೊಳ್ಳುವವರಿದ್ದಾರೆ. ವರ್ಷಕ್ಕೆ ಇಷ್ಟು ಸಸಿ ಅಂತ ಗುಂಡುತೋಪಿನಲ್ಲಿ ನೆಡಿ. ಫಲ ಬರಲು ವರ್ಷಗಟ್ಟಲೆ ಬೇಕು, ನೆಟ್ಟವರು ತಿನ್ನದಿರಬಹುದು. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪಿಗೆ ಒಮ್ಮೆ ಹೋಗಿ ಬನ್ನಿ. 2007ರಲ್ಲಿ ಅದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆಯಿತು. ಅಲ್ಲಿನ ಮರಗಳ ದಪ್ಪ ನೋಡಿದರೆ ನೆಟ್ಟವರು ಯಾರಿಗಾಗಿ ನೆಟ್ಟರೋ ಅನ್ನಿಸುತ್ತದೆ.

ರಸ್ತೆ ಬದಿಯ, ಗೋಮಾಳದ ಮರಗಳ ಫಲವನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಾರೆ. ಹೆಚ್ಚಾಗಿ ಹೊರಗಿನವರೇ ಹಿಡಿಯುತ್ತಾರೆ. ಹರಾಜಿನ ದಿನ ಯಾವುದು ಅಂತ ಪಂಚಾಯಿತಿಯಲ್ಲಿ ಕೇಳಿ ಸಂಘದ ಹೆಸರಿನಲ್ಲಿ ಕೂಗಿ. ಕಾಡಿನ ಅಂಚಿನ ಊರಾದರೆ 2006ರ ಅರಣ್ಯ ಹಕ್ಕು ಕಾಯ್ದೆ ತಿಳಿದುಕೊಳ್ಳಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅದರಡಿ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದರು. ಹುಲಿ ರಕ್ಷಿತಾರಣ್ಯದೊಳಗೆ ಹಾಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಒಂದೇ ಮಾಲನ್ನು ನಂಬಿ ಕೂರಬೇಡಿ, ಆದರೆ ಬೇಗ ಬಿಡಲೂ ಬೇಡಿ

ಶುರುವಿನಲ್ಲಿ ಒಂದೇ ಮಾಲು ಅಂದೆ. ಐದಾರು ವರ್ಷ ಆದ ಮೇಲೆ ಎರಡನೆಯದನ್ನು ಯೋಚಿಸಬೇಕು. ಕಣ್ಣೂರಿನ ದಿನೇಶ್ ಬೀಡಿ ಕಥೆ ಇಲ್ಲಿ ನೆನಪಾಗುತ್ತದೆ. ಬೀಡಿ ಕಾರ್ಮಿಕರ ಕಾಯ್ದೆ ಕೇರಳದಲ್ಲಿ ಜಾರಿಗೆ ಬಂದಾಗ ಮಂಗಳೂರಿನ ಮಾಲೀಕರು ಅಲ್ಲಿನ ಕೆಲಸ ನಿಲ್ಲಿಸಿ ಹೊರಟುಬಂದರು. ಸಾವಿರಾರು ಜನ ಬೀದಿಗೆ ಬಿದ್ದರು. 1969ರಲ್ಲಿ ಆ ಕಾರ್ಮಿಕರೇ ಸೇರಿ ಸಹಕಾರ ಸಂಘ ಕಟ್ಟಿದರು, ಬೀಡಿಗೆ ಹೆಸರೂ ಮಾಡಿದರು. ಮುಂದೆ ಬೀಡಿ ಸೇದುವವರೇ ಕಡಿಮೆಯಾದಾಗ ಛತ್ರಿ, ತೆಂಗಿನ ಹಾಲು, ತಿನಿಸಿನ ಕಡೆ ಹೊರಳಿದರು. ಮಾಲು ಬದಲಾಯಿತು, ಮಾಲೀಕರು ಬದಲಾಗಲಿಲ್ಲ.

ಹುಣಸೆ ಒಂದು ವರ್ಷ ಸುರಿಯುತ್ತದೆ, ಒಂದು ವರ್ಷ ಮುನಿಸಿಕೊಳ್ಳುತ್ತದೆ. ಬೆಳೆ ಕಮ್ಮಿ ಇರುವ ವರ್ಷ ಸಂಘದ ಬಾಗಿಲು ತೆರೆದಿರಲು ಬೇರೇನಾದರೂ ಇರಲಿ. ಹಿಂಡಿ, ಬೂಸಾ ಸಗಟಿಗೆ ತಂದು ಸದಸ್ಯರಿಗೆ ಕೊಡುವುದು ಎಲ್ಲಕ್ಕಿಂತ ಸುಲಭ. ಮೊದಲ ತಿಂಗಳ ಆ ನೋಟ್‌ಬುಕ್ ಇದೆಯಲ್ಲ, ಅದನ್ನೇ ಮತ್ತೆ ತೆರೆದು ಎರಡನೇ ದೊಡ್ಡ ತೂತು ಯಾವುದು ಅಂತ ನೋಡಿ.

ಯಾವಾಗ ಏನು

ಹಣ್ಣು ಬರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಅಲ್ಲಿಂದ ಹಿಂದಕ್ಕೆ ಎಣಿಸಿ. ಶ್ರಾವಣದಲ್ಲಿ ನೋಟ್‌ಬುಕ್ ಶುರು. ದಸರಾ ಮುಗಿದ ಮೇಲೆ ಹತ್ತು ಮನೆ ಮೂವತ್ತಾಗಬೇಕು, ಅವರನ್ನು ಕೂರಿಸಿಕೊಂಡು ಮುಂಗಡದ ನಿಯಮ, ದರ್ಜೆಯ ನಿಯಮ ಮಾತಾಡಿ ಮುಗಿಸಿ. ದೀಪಾವಳಿಯಿಂದ ಷೇರು ಹಣ ಕಂತಿನಲ್ಲಿ ಬರಲಿ. ಡಿಸೆಂಬರಿನಲ್ಲಿ ಇಬ್ಬರು ಹೋಗಿ ತುಮಕೂರಿನ ಮಂಡಿಯಲ್ಲಿ ನಾಲ್ಕು ವ್ಯಾಪಾರಿಗಳ ಪರಿಚಯ ಮಾಡಿಕೊಂಡು ಬರಲಿ, ಅದರಲ್ಲಿ ಒಬ್ಬಳು ಕುಟ್ಟುವವಳಾಗಿರಲಿ, ಹಣ್ಣಿನ ಬಣ್ಣ ನೋಡಿ ದರ್ಜೆ ಹೇಳಲು ಅವಳಷ್ಟು ಚೆನ್ನಾಗಿ ಬೇರೆ ಯಾರಿಗೂ ಬರುವುದಿಲ್ಲ. ಸಂಕ್ರಾಂತಿಯೊಳಗೆ ತಕ್ಕಡಿಗೆ ಸೀಲ್ ಬಿದ್ದಿರಲಿ, ಚೀಟಿ ಪುಸ್ತಕ ಪ್ರಿಂಟಾಗಿ ಬಂದಿರಲಿ. ಮೊದಲ ಚೀಲ ತೂಗುವ ದಿನ ವ್ಯಾನಿನವನನ್ನೂ ಕರೆಯಿರಿ. ಅವನೂ ಲಕೋಟೆಯಲ್ಲಿ ರೇಟು ಬರೆದುಕೊಡಲಿ.